ಎಣ್ಣೆ ಅಂದರೆ ಯಾವ ಎಣ್ಣೆ?

ನಮ್ಮ ಗೇರಾ ಕೊಲ್ಲಿಯ ದಡದಲ್ಲಿ ಆಲಿವ್ ಎಣ್ಣೆಗೂ ಎಂಜಿನ್ ಎಣ್ಣೆಗೂ ಒಂದೇ ಹೆಸರು, ‘ಲಾದಿ’. ಈ ಒಂದು ಪದ ಮೀನುಗಾರ ಪಾಂಡೆಲಿಸನ ಮನೆಯಲ್ಲಿ ಎಬ್ಬಿಸಿದ ಗೊಂದಲ ಅಷ್ಟಿಷ್ಟಲ್ಲ.

ಭಾನುವಾರ ಅವನ ಮಗಳು ಮಿರ್ಸಿನಿಯ ಮದುವೆ. ಅಪ್ಪನ ದೋಣಿಯಲ್ಲೇ ಆಚೆ ದಡದ ಚರ್ಚಿಗೆ ಹೋಗಬೇಕೆಂದು ಅವಳ ಹಟ. ಗುರುವಾರ ನೋಡಿದರೆ ದೋಣಿಯ ಎಂಜಿನ್ ‘ಟಕ್ ಟಕ್’ ಎಂದು ಬಡಿದುಕೊಳ್ಳತೊಡಗಿತು.

“ದೃಷ್ಟಿ ಬಿದ್ದಿದೆ ಕಣ್ರೀ,” ಎಂದಳು ಹೆಂಡತಿ ಆರ್ಗಿರೊ. ಬಟ್ಟಲು ನೀರಿಗೆ ಆಲಿವ್ ಎಣ್ಣೆಯ ಹನಿ ಬಿಟ್ಟಳು. ಹನಿ ಒಡೆದು ಹರಡಿತು. ಅಂದಮೇಲೆ ದೃಷ್ಟಿಯೇ! ಗಂಡ ಹೆಂಡತಿ ಇಬ್ಬರೂ ಎಂಜಿನ್ನಿಗೆ ಥೂ ಥೂ ಎಂದು ಉಗಿದರು. ಮತ್ತೆ ಸ್ಟಾರ್ಟ್ ಮಾಡಿದರೆ ಬಡಿತ ಇನ್ನೂ ಜೋರು.

ಅಷ್ಟರಲ್ಲಿ ಆರ್ಗಿರೊಳ ಅಣ್ಣ ಅನೆಸ್ತಿಸ್ ಓಡಿ ಬಂದ. ಹಡಗಿನ ಎಂಜಿನ್ ಕೋಣೆಯಲ್ಲೇ ತಲೆ ಬೆಳ್ಳಗಾದವನು.

“ಮೊದ್ಲು ನಿಲ್ಸಪ್ಪಾ ಅದನ್ನ! ಎಣ್ಣೆ ನೋಡಿದ್ಯಾ?”

“ನೋಡ್ದೆ ಭಾವ. ಕಡ್ಡಿ ಮೇಲಿನ ಗೆರೆ ಮುಟ್ಟೋಷ್ಟಿದೆ. ತೊಂದ್ರೆ ಎಣ್ಣೆದಲ್ಲ,” ಎಂದ ಪಾಂಡೆಲಿಸ್.

ಅನೆಸ್ತಿಸ್ ಅಳತೆ ಕಡ್ಡಿ ಎಳೆದು ಮೂಸಿದ. ಮತ್ತೊಮ್ಮೆ ಮೂಸಿದ. “ಇದೇನೋ ಇದು, ಮೀನು ಕರಿಯೋ ವಾಸ್ನೆ!”

“ಕಮ್ಮಿ ಆಗಿದೆ, ಡಬ್ಬಿಯಿಂದ ಎಣ್ಣೆ ಹಾಕು ಅಂದ್ರು ಇವ್ರು. ಹಾಕ್ದೆ,” ಎಂದಳು ಆರ್ಗಿರೊ. “ನಮ್ಮ ತೋಟದ್ದೇ ಅಣ್ಣ, ಮೊದಲ್ನೇ ಸಲ ಹಿಂಡಿದ್ದು!”

“ಅಯ್ಯೋ, ಆ ಡಬ್ಬಿ ಅಲ್ಲ ಕಣೇ, ಶೆಡ್ಡಲ್ಲಿರೋ ಡಬ್ಬಿ!” ಎಂದ ಪಾಂಡೆಲಿಸ್.

“ಎಣ್ಣೆ ಅಂದ್ರಿ. ಯಾವ ಎಣ್ಣೆ ಅಂತ ಬಾಯಿ ಬಿಟ್ಟು ಹೇಳಿದ್ರಾ?”

ಪಾಂಡೆಲಿಸ್ ಪೆಚ್ಚಾದ. ಆದರೂ ಬಿಡಲಿಲ್ಲ. “ಅದನ್ನೇ ತಿಂದು ನಾವು ಗಟ್ಟಿಯಾಗಿಲ್ವಾ ಭಾವ? ಎಂಜಿನ್ನಿಗೇನು ಕೇಡು?”

“ನಿನ್ನ ಹೊಟ್ಟೇಲಿ ಕಬ್ಬಿಣದ ದಂಡ ಗಿರಗಿರ ತಿರುಗುತ್ತೇನೋ? ಎಂಜಿನ್ನಲ್ಲಿ ತಿರುಗೋ ದಂಡಾನ ಹಿಡ್ಕೊಂಡಿರೋದು ಬೇರಿಂಗು. ಎರಡರ ಮಧ್ಯೆ ಎಣ್ಣೆಯ ತೆಳು ಪದರ ಇರ್ಬೇಕು, ಒಂದನ್ನೊಂದು ಮುಟ್ಬಾರ್ದು. ಅಡುಗೆ ಎಣ್ಣೆ ಆ ಬಿಸಿ ತಡ್ಕೊಳಲ್ಲ, ಅಂಟಂಟಾಗಿ ಎಣ್ಣೆ ಹರಿಯೋ ದಾರೀನೇ ಕಟ್ಟುತ್ತೆ. ಪದರ ಹೋಯ್ತು, ಲೋಹಕ್ಕೆ ಲೋಹ ಉಜ್ಜಿತು. ನಿನ್ನ ಟಕ್ ಟಕ್ ಅದೇ.”

ಎಣ್ಣೆ ಇಳಿಸಿದರು. ತಟ್ಟೆಯಲ್ಲಿ ಬೆಳ್ಳಿ ಪುಡಿಯಂಥದ್ದು ಮಿನುಗಿತು.

“ಎಷ್ಟು ಚೆನ್ನಾಗಿ ಹೊಳೀತಿದೆ,” ಎಂದ ಪಾಂಡೆಲಿಸ್, ಏನೂ ಅರ್ಥವಾಗದೆ.

“ಅದು ನಿನ್ನ ಬೇರಿಂಗು ಕಣೋ,” ಎಂದ ಅನೆಸ್ತಿಸ್.

ಪಾಂಡೆಲಿಸ್ ಅಲ್ಲೇ ಕುಸಿದು ಕುಳಿತ. ಪಕ್ಕದ ಮನೆಯವಳಾದ ನಾನು ಓಡಿಹೋಗಿ ನೀರು ತಂದುಕೊಟ್ಟೆ.

ಹೊಸ ಬೇರಿಂಗು ಮದುವೆಗೆ ಮುಂಚೆ ಸಿಗಲಿಲ್ಲ. ಭಾನುವಾರ ಮಿರ್ಸಿನಿ ಅಪ್ಪನ ದೋಣಿಯಲ್ಲೇ ಹೋದಳು, ನಿಜ. ಆದರೆ ಅದನ್ನು ಅನೆಸ್ತಿಸನ ದೋಣಿ ಹಗ್ಗ ಕಟ್ಟಿ ಎಳೆಯುತ್ತಿತ್ತು. ಸೂಟು ತೊಟ್ಟ ಪಾಂಡೆಲಿಸ್ ಚುಕ್ಕಾಣಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ. ಮಗಳಿಗಾಗಿಯೋ, ಎಂಜಿನ್ನಿಗಾಗಿಯೋ, ಊರಿಗೆ ಇವತ್ತಿಗೂ ಗೊತ್ತಾಗಿಲ್ಲ. ಈಗ ಅವನ ಮನೆಯ ಒಂದು ಡಬ್ಬಿಯ ಮೇಲೆ ಮೀನಿನ ಚಿತ್ರವಿದೆ, ಇನ್ನೊಂದರ ಮೇಲೆ ದೋಣಿಯದು.

ನಿಮ್ಮ ಮನೆಯಲ್ಲಿ ದೋಣಿಯಿರಲಿ, ಟ್ರ್ಯಾಕ್ಟರ್ ಇರಲಿ, ಬೈಕ್ ಇರಲಿ, ಎಣ್ಣೆ ಎಷ್ಟಿದೆ ಎಂದಷ್ಟೇ ನೋಡಬೇಡಿ, ಯಾವುದಿದೆ ಎಂದೂ ನೋಡಿ. ಆ ಎಂಜಿನ್ನಿಗೆ ಹೇಳಿರುವ ಎಣ್ಣೆಯನ್ನೇ ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸಿ. ಬಡಿತ ಕೇಳಿದರೆ ದೃಷ್ಟಿ ತೆಗೆಯುತ್ತ ಕೂರದೆ ಮೊದಲು ಎಂಜಿನ್ ನಿಲ್ಲಿಸಿ. ಇನ್ನು, ಮನೆಯವರಿಗೆ ‘ಎಣ್ಣೆ ಹಾಕು’ ಎನ್ನುವಾಗ ದಯವಿಟ್ಟು ಯಾವ ಎಣ್ಣೆ ಎಂದು ಹೇಳಿ.