ಎತ್ತಬಾರದ ಫೋನು

ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದವರಿಗೆ ಕಂಡಕಂಡವರಿಗೆಲ್ಲ ಪಾಠ ಹೇಳುವ ಚಾಳಿ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಅವರ ತಪ್ಪುಗಳನ್ನು ಹೆಕ್ಕಿ ತೆಗೆಯುತ್ತಿದ್ದ ಪ್ರೂಫಿನ ಹೆಂಗಸು ಎಲ್ಲರಿಗೂ ಅಕ್ಕ. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಅಲ್ಪವಿರಾಮದ ಮೇಲೆ ಜಗಳಕ್ಕಿಳಿದು ಊಟ ಆರಿಹೋಗುವವರೆಗೂ ವಾದಿಸಿದ್ದುಂಟು. ಅಂಥ ಅಕ್ಕ ಕೆಲಸ ಬಿಡುತ್ತೇನೆಂದಾಗ ಮೇಷ್ಟ್ರಿಗೆ ಕೈಕಾಲೇ ಆಡಲಿಲ್ಲ.

ಅವಳ ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಿತ್ತು. ಅವನೊಬ್ಬನನ್ನೇ ಬಿಟ್ಟು ಹೇಗೆ ಬರಲಿ ಎಂದು ಅಕ್ಕ ಕೇಳಿದಳು.

ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಫೋನ್ ತಂತಿಯ ಮೂಲಕ ಕಂಪ್ಯೂಟರುಗಳನ್ನು ಬೆಸೆಯುವ ಒಂದು ಮೋಡೆಮ್ ಸಮೇತ ಅಕ್ಕನ ಮನೆಗೆ ಸಾಗಿಸಿ ಗಂಡನ ಹಾಸಿಗೆಯ ಪಕ್ಕದಲ್ಲೇ ಇಟ್ಟು, ಅವಳ ಫೋನಿಗೆ ಜೋಡಿಸಿದರು. ಆಮೇಲೆ ಕಚೇರಿಯ ಕಂಪ್ಯೂಟರಿಗೆ ಇನ್ನೊಂದು ಮೋಡೆಮ್ ಸಿಕ್ಕಿಸಿ, ಹೊರಗಿನಿಂದ ಬರುವ ಕರೆಯನ್ನು ಸ್ವೀಕರಿಸುವಂತೆ ಹೊಂದಿಸಿದರು. ಅಕ್ಕನ ಹೆಸರಿಗೊಂದು ಖಾತೆ ತೆರೆದು, ಗುಪ್ತಪದ ಕೊಟ್ಟು, ಬೇರೆ ಯಾರೂ ಒಳನುಗ್ಗದಂತೆ ಬಾಗಿಲು ಹಾಕಿದರು. ಇನ್ನು ಅವಳು ಮನೆಯಿಂದ ಕರೆ ಮಾಡಿದರೆ ಸಾಕು, ಪುಟಗಳು ಅವಳೆದುರು ತೆರೆದುಕೊಳ್ಳಬೇಕು.

ಆದರೆ ಕಚೇರಿಗೆ ಇದ್ದದ್ದು ಒಂದೇ ಫೋನು. ಮುದ್ರಣಾಲಯದ ಯಜಮಾನರಿಗೋ, ಫೋನು ರಿಂಗಾದರೆ ಕೈ ತಡೆಯದು. ಅಕ್ಕ ಕರೆ ಮಾಡಿದಾಗಲೆಲ್ಲ ಮೋಡೆಮ್ ಬಾಯಿ ತೆರೆಯುವ ಮೊದಲೇ ಇವರು ಎತ್ತಿ ಹಲೋ ಎನ್ನುತ್ತಿದ್ದರು. ಕಿರ್ರೋ ಎಂಬ ಸದ್ದು ಕಿವಿಗೆ ಬಡಿದು ಗಾಬರಿಯಾಗಿ ಇಟ್ಟುಬಿಡುತ್ತಿದ್ದರು. ಸಂಜೆಯಾದರೂ ಸಂಪರ್ಕ ಸಿಗಲಿಲ್ಲ. ಇದೆಲ್ಲ ಆಗದ ಹೋಗದ ಕೆಲಸ, ಗಿರಾಕಿಗಳ ಕರೆ ತಪ್ಪುತ್ತದೆ ಎಂದು ಯಜಮಾನರು ರೇಗಿದರು.

ಮೇಷ್ಟ್ರು ಎಂದೂ ಯಾರೆದುರೂ ದನಿ ತಗ್ಗಿಸಿದವರಲ್ಲ. ಅವತ್ತು ತಗ್ಗಿಸಿದರು.

"ಯಜಮಾನ್ರೇ, ನನ್ನ ತಪ್ಪು ತೋರಿಸೋರು ಆಕೆ ಒಬ್ಬಳೇ. ಆಕೆ ಹೋದ್ರೆ ನಾನು ಕೆಟ್ಟುಹೋಗ್ತೀನಿ. ಬೆಳಿಗ್ಗೆ ಸ್ವಲ್ಪ ಹೊತ್ತು ಫೋನು ಮುಟ್ಟಬೇಡಿ, ಅಷ್ಟೇ."



ಮರುದಿನ ಬೆಳಿಗ್ಗೆ ಫೋನು ರಿಂಗಾಯಿತು. ಯಜಮಾನರು ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿಕೊಂಡು ಕೂತರು. ಮೋಡೆಮ್ ಕಿರುಚಿತು, ಕೆಮ್ಮಿತು, ಕೊನೆಗೆ ತಣ್ಣಗಾಯಿತು. ಪರದೆಯ ಮೇಲೆ ಅಕ್ಕನ ಹೆಸರು ಮೂಡಿತು.

ಕೆಲಸ ಮುಗಿಸಿ ಸಂಪರ್ಕ ಕಡಿದ ಮೇಲೆ ಅವಳೇ ಫೋನು ಮಾಡಿದಳು. ಈ ಸಲ ಮೇಷ್ಟ್ರೇ ಎತ್ತಿಕೊಂಡರು.

"ಏನ್ರೀ ಮೇಷ್ಟ್ರೇ, ಒಂದು ಪುಟದಲ್ಲಿ ಇಷ್ಟು ತಪ್ಪಾ? ಕಣ್ಣು ಮುಚ್ಕೊಂಡು ಜೋಡಿಸಿದ್ರಾ?"

"ನೀವಿಲ್ದೆ ಯಾರಿಗೆ ಹೆದರ್ಕೊಂಡು ಜೋಡಿಸ್ಲಿ?"

ಆಚೆಯಿಂದ ಅವಳು, ಮೋಡೆಮ್ಮಿನ ಕಿರುಚಾಟ ಕೇಳಿ ಮನೆಯವರು ನಕ್ಕರು, ಬಿದ್ದಮೇಲೆ ಇದೇ ಮೊದಲ ಸಲ ಎಂದು ಮೆಲ್ಲಗೆ ಹೇಳಿದಳು.

ಗಂಡ ಗೋಡೆ ಹಿಡಿದು ನಡೆಯುವಂತಾಗುವವರೆಗೂ ಅಕ್ಕ ಹಾಗೆಯೇ ದುಡಿದಳು. ಬೆಳಗಿನ ಆ ಹೊತ್ತಿನಲ್ಲಿ ಯಜಮಾನರು ಚಹಾ ಕುಡಿಯುವ ನೆಪದಲ್ಲಿ ಬೀದಿಗಿಳಿದುಬಿಡುತ್ತಿದ್ದರು.