ಒಂದು ನಿಮಿಷದ ಎಂಜಿನ್

ದಿನಾ ಬೆಳಿಗ್ಗೆ ಅತ್ತೆ ಶೆಡ್ಡಿಗೆ ಹೋಗಿ ಕಾರು ಸ್ಟಾರ್ಟ್ ಮಾಡುತ್ತಿದ್ದರು. ಅವರಿಗೆ ಓಡಿಸಲು ಬರುತ್ತಿರಲಿಲ್ಲ. ಡ್ರೈವರ್ ಸೀಟಿನ ಅಂಚಿನಲ್ಲಿ ಕೂತು, ಒಂದು ಕಾಲು ಹೊರಗೇ ಇಟ್ಟುಕೊಂಡು ಕೀಲಿ ತಿರುಗಿಸುವರು. ಎಂಜಿನ್ ಗೊರ್ರೆಂದು ಎದ್ದು ಒಂದು ನಿಮಿಷ ಗುನುಗುವುದು. ಆಮೇಲೆ ಆಫ್ ಮಾಡಿ, ಮಲಗಿದ ಮಗುವಿನ ಕೋಣೆಯ ಬಾಗಿಲೇನೋ ಎಂಬಂತೆ ಕಾರಿನ ಬಾಗಿಲನ್ನು ಮೆಲ್ಲಗೆ ಒತ್ತಿ ಬರುವರು.

ಅತ್ತೆ ಟೈಲರ್. ನಿಲ್ಲಿಸಿದ ಹೊಲಿಗೆ ಮಿಷನ್ ಜಾಮ್ ಆಗುತ್ತದೆ, ಕೆಲಸವಿಲ್ಲದ ದಿನವೂ ಚಕ್ರವನ್ನು ನಾಲ್ಕು ಸುತ್ತು ತಿರುಗಿಸಬೇಕು ಎಂಬುದು ಅವರ ಕೈ ಕಲಿತ ಪಾಠ. ಮಗ ಜ್ವರವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಕಾರು ನಿಂತಿತು. ಅದಕ್ಕೂ ಅದೇ ಪಾಠ. ಜೊತೆಗೊಂದು ಕಟ್ಟಪ್ಪಣೆ: ಸೀಟನ್ನು ಯಾರೂ ಸರಿಸಕೂಡದು. ಉದ್ದ ಕಾಲಿನ ಮಗ ಅದನ್ನು ಎಷ್ಟು ಹಿಂದಕ್ಕೆ ತಳ್ಳಿಕೊಂಡಿದ್ದನೋ ಅಷ್ಟೇ ಹಿಂದಿತ್ತು.

ಸೊಸೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಅವಳಿಗೆ ಕಾರು ಓಡಿಸಲು ಗಂಡನೇ ಕಲಿಸಿದ್ದ. ಈಗ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬೆಳಗಿನ ಆ ಸದ್ದು ನಿಲ್ಲುವ ತನಕ ಹಲ್ಲುಜ್ಜುವಳು, ನಿಂತ ಮೇಲೆ ಬಾಯಿ ಮುಕ್ಕಳಿಸುವಳು. ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.

ಒಂದು ಭಾನುವಾರ ಕೀಲಿ ತಿರುಗಿಸಿದರೆ ಟಕ್ ಟಕ್ ಎಂದಿತಷ್ಟೆ. ಪಕ್ಕದ ಬೀದಿಯ ಮೆಕ್ಯಾನಿಕ್‌ನನ್ನು ಕರೆಸಿದರು. ಅವನಿಗೆ ಸೈಲೆನ್ಸರ್ ಎಂದು ಅಡ್ಡಹೆಸರು. ಬಾಯಿ ಮುಚ್ಚದ ಮನುಷ್ಯನಿಗೆ ಯಾರೋ ಬೇಕೆಂದೇ ಇಟ್ಟಿದ್ದರು.

"ಬ್ಯಾಟರಿ ಮಲಗಿದೆ ಅಮ್ಮಾವ್ರೇ. ಸ್ಟಾರ್ಟ್ ಮಾಡೋಕೆ ಅದರಿಂದ ಬಕೆಟ್‌ಗಟ್ಟಲೆ ತೆಗೀತೀರ, ಒಂದು ನಿಮಿಷದಲ್ಲಿ ಲೋಟದಷ್ಟು ವಾಪಸ್ ಹಾಕ್ತೀರ. ಎಷ್ಟು ದಿನ ತಾಳತ್ತೆ ಹೇಳಿ" ಎಂದವನು ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುವಿ ತೆಗೆದ. ಮಾತು ನಿಂತಿತು.

ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ದಪ್ಪಗೆ ಮೆತ್ತಿಕೊಂಡಿತ್ತು.

"ಇದೇನಪ್ಪ, ನಾನು ಏನೂ ಹಾಕಿಲ್ಲ" ಎಂದರು ಅತ್ತೆ.

"ಆಯಿಲ್‌ಗೆ ನೀರು ಸೇರಿದೆ. ಎರಡು ಥರ ಸೇರಬಹುದು. ಎಂಜಿನ್ ತಣ್ಣಗಿಡೋಕೆ ಅಂತ ಸುತ್ತ ನೀರು ಓಡಾಡತ್ತಲ್ಲ, ಅದು ಒಳಗೆ ಸೋರಿರಬಹುದು. ಹಾಗಾಗಿದ್ರೆ ಎಂಜಿನ್ ಬಿಚ್ಚಬೇಕು. ಇಷ್ಟು ಹಳೇ ಗಾಡಿಗೆ ಬಿಚ್ಚಿ ಅಂತ ನಾನು ಹೇಳಲ್ಲ. ಗುಜರಿಗೆ ಹಾಕಿ ಅಂತೀನಿ."

ಅತ್ತೆ ಬಾನೆಟ್ ಮೇಲೆ ಕೈಯಿಟ್ಟರು.

"ಇನ್ನೊಂದು ಥರ?" ಎಂದಳು ಸೊಸೆ.

"ಅದನ್ನ ನೀವೇ ಹೇಳಿ ಮೇಡಂ. ನೀವು ಪಾಠ ಮಾಡೋರು."

"ಪೆಟ್ರೋಲ್ ಉರಿದ್ರೆ ನೀರು ಹುಟ್ಟತ್ತೆ ಅತ್ತೆ. ಆವಿ ಆಗಿ."

"ಬೆಂಕಿಯಿಂದ ನೀರಾ? ನಿನಗೆ ಓದು ಜಾಸ್ತಿ ಆಯ್ತು."

"ಮೇಡಂ ಹೇಳಿದ್ದು ಸರಿ. ಆ ಆವೀಲಿ ಸ್ವಲ್ಪ ಭಾಗ ಆಯಿಲ್ ಇರೋ ಕಡೆಗೂ ಇಳಿಯತ್ತೆ. ಎಂಜಿನ್ ಚೆನ್ನಾಗಿ ಕಾದ್ರೆ ಹೊರಗೆ ಹೋಗತ್ತೆ. ನೀವು ಕಾಯೋಕೇ ಬಿಡಲ್ಲ."

ಅತ್ತೆ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಒಳಗನ್ನು ಬೆರಳಿನಿಂದ ಸವರಿದರು. "ಪಾತ್ರೆ ಮುಚ್ಚಳ ಬೆವರೋ ಹಾಗೆ" ಎಂದರು. "ದಿನಾ ನಾನೇ ನೀರು ಕುಡಿಸಿದೆ ಅನ್ನು."

"ಪ್ರೀತಿಯಿಂದ ಕುಡಿಸಿದ್ದೀರ, ಬಿಡಿ. ಯಾವುದು ಅಂತ ನೋಡೋಕೆ ಒಂದೇ ದಾರಿ. ಹೊಸ ಆಯಿಲ್, ಹೊಸ ಬ್ಯಾಟರಿ ಹಾಕ್ತೀನಿ. ಎಂಜಿನ್ ಬಿಸಿ ತೋರಿಸೋ ಮುಳ್ಳು ಮಧ್ಯಕ್ಕೆ ಬಂದು ನಿಲ್ಲೋವರೆಗೆ ದೊಡ್ಡ ರಸ್ತೇಲಿ ಓಡಿಸ್ಬೇಕು. ಎಂಜಿನ್ ತಣ್ಣಗಿಡೋ ನೀರು ಇರೋದು ಈ ಡಬ್ಬೀಲಿ. ತಣ್ಣಗಾದ ಮೇಲೆ ಅದು ಗೆರೆಯಿಂದ ಕೆಳಗೆ ಇಳಿದಿದ್ರೆ ಸೋರ್ತಿದೆ ಅಂತ. ನಾನೇ ಒಂದು ಸುತ್ತು ಹೋಗಿ ಬರ್ತೀನಿ."

"ಹೊರಗಿನೋರು ಆ ಸೀಟಲ್ಲಿ ಕೂರೋದು ಬೇಡ."

"ಹಾಗಾದ್ರೆ ಒಳಗಿನೋರು ಕೂರ್ಲಿ" ಎಂದು ಸೈಲೆನ್ಸರ್ ಆಯಿಲ್ ತರಲು ಹೋದ.

ಸೊಸೆ ಒಳಗೆ ಕೂತಳು. ಕಾಲು ಕ್ಲಚ್‌ಗೆ ಎಟುಕಲಿಲ್ಲ. ಇನ್ನಷ್ಟು ಜಾರಿ ಕೂತಳು. ಆಗ ಎದುರಿನ ರಸ್ತೆ ಕಾಣಲಿಲ್ಲ. ಅತ್ತೆ ನೋಡುತ್ತಿದ್ದರು. 

ಅತ್ತೆ ಒಳಗೆ ಹೋಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದರು. ಬಗ್ಗಿ, ಸೀಟಿನ ಕೆಳಗಿನ ಹಳಿಯ ಮೇಲೆ ಸೀಟಿನ ಮೂಲೆಗೆ ಸರಿಯಾಗಿ ಒಂದು ಗೆರೆ ಎಳೆದರು. ಅಳತೆ ಕೆಡದಂತೆ ಗುರುತು ಮಾಡುವುದು ಅವರಿಗೆ ಹೊಸದಲ್ಲ.

"ಈಗ ಎಳಿ. ಬಂದ ಮೇಲೆ ಇಲ್ಲಿಗೇ ತಳ್ಳಬೇಕು."

ಹಿಡಿ ಬಿಗಿಯಾಗಿತ್ತು. ಎರಡು ಸಲ ಎಳೆದ ಮೇಲೆ ಸೀಟು ಕಿರ್ರೆಂದು ಮುಂದೆ ಬಂತು.

ಸೈಲೆನ್ಸರ್ ಆಯಿಲ್, ಬ್ಯಾಟರಿ ಬದಲಿಸಿ, ಇನ್ನು ಮೇಲೆ ವಾರಕ್ಕೊಮ್ಮೆಯಾದರೂ ಹೀಗೆ ಓಡಿಸಬೇಕು ಎಂದು ಹೇಳಿ ಹೋದ. ಅತ್ತೆ ಪಕ್ಕದಲ್ಲಿ ಕೂತರು. ಮೊದಲ ತಿರುವಿನಲ್ಲೇ ಎಂಜಿನ್ ಆಫ್ ಆಯಿತು. ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದ. "ಅವನಿಗೇನು ಹೆರಿಗೆಗೆ ಟೈಮ್ ಆಗಿದ್ಯಾ" ಎಂದರು ಅತ್ತೆ, ಮುಳ್ಳಿನಿಂದ ಕಣ್ಣು ತೆಗೆಯದೆ. ಸಂತೆಯ ಬೀದಿ ದಾಟಿ, ಗೋಡೌನುಗಳ ಸಾಲು ದಾಟಿ ದೊಡ್ಡ ರಸ್ತೆಗೆ ಬಂದರು. ಮುಳ್ಳು ಎದ್ದಿತು, ನಿಧಾನವಾಗಿ ಮಧ್ಯಕ್ಕೆ ಬಂದು ನಿಂತಿತು. ಅದಕ್ಕಿಂತ ಮೇಲೇರಲಿಲ್ಲ.

"ಇನ್ನೂ ಸ್ವಲ್ಪ ಹೋಗು" ಎಂದರು ಅತ್ತೆ. ಹೋದಳು.

ಸಂಜೆ ಎಂಜಿನ್ ತಣ್ಣಗಾದ ಮೇಲೆ ಇಬ್ಬರೂ ಶೆಡ್ಡಿಗೆ ಬಂದರು. ಸೊಸೆ ಟಾರ್ಚ್ ಹಿಡಿದಳು. ಅತ್ತೆ ಕನ್ನಡಕ ಹಾಕಿಕೊಂಡು ಡಬ್ಬಿಯ ಹತ್ತಿರಕ್ಕೆ ಬಗ್ಗಿದರು.

"ಗೆರೆ ಮೇಲೇ ಇದೆ" ಎಂದರು. ಮತ್ತೊಮ್ಮೆ ನೋಡಿದರು. "ಸೋರಿಲ್ಲ."

ಸೊಸೆ ಬಾನೆಟ್ ಮುಚ್ಚಿದಳು. ಮಾತಿನಂತೆ ಡ್ರೈವರ್ ಬಾಗಿಲು ತೆರೆದು, ಸೀಟಿನ ಕೆಳಗೆ ಕೈಹಾಕಿ ಹಿಡಿ ಹುಡುಕಿದಳು.

"ಬಿಡು" ಎಂದರು ಅತ್ತೆ. "ವಾರಕ್ಕೊಂದ್ಸಲ ಹೀಗೇ ಓಡಿಸ್ಬೇಕು ಅಂದ್ನಲ್ಲ ಆ ಬಾಯಿಬಡುಕ. ಪ್ರತಿ ಸಲ ಎಳೆದಾಡಿದ್ರೆ ಹಳಿ ಸವೀತದೆ."

ಅವಳು ಕೈ ತೆಗೆದಳು. ಸೀಮೆಸುಣ್ಣದ ಗೆರೆ ಇದ್ದಲ್ಲೇ ಇತ್ತು. ಸೀಟು ಅದಕ್ಕಿಂತ ಗೇಣಷ್ಟು ಮುಂದಿತ್ತು. ಅತ್ತೆ ಕೀಲಿಯನ್ನು ಅವಳ ಕೈಗೆ ಕೊಟ್ಟು ಶೆಡ್ಡಿನ ದೀಪ ಆರಿಸಿದರು.