ಭುಜಕ್ಕೆ ಹಚ್ಚಿದ ಮದ್ದು

ಕೌದಿ ಇಲ್ಲಿ ಯಾಕೆ ಎದ್ದು ನಿಂತಿದೆ ಅಂದುಕೊಂಡ ಹಿಂದುರಾವ, ಅರೆನಿದ್ದೆಯಲ್ಲೇ ಅದನ್ನು ಒತ್ತಿ ಸರಿಮಾಡಲು ಹೋದ, ಕೈ ತಟ್ಟನೆ ನಿಂತಿತು — ಇದು ಕೌದಿಯ ಮಡಿಕೆಯಲ್ಲ, ಇದು ತಾನೇ, ಐವತ್ತಮೂರರ ಹಿಂದುರಾವ ಚೌಗುಲೆಯೇ, ಉಸಿರಾಡಲೂ ಹೆದರಿಕೆ, ಅಲುಗಿದರೆ ಹೋಗಿಬಿಟ್ಟೀತು, ಅಂಗಳಕ್ಕೆ ಗುಬ್ಬಿ ಬಂದು ಕೂತಾಗ ಮನುಷ್ಯ ಇದ್ದಲ್ಲೇ ನಿಲ್ಲುವುದಿಲ್ಲವೇ, ಹಾಗೆ ಮಲಗಿದ್ದಾನೆ, ಕಿಟಕಿಯಲ್ಲಿ ಬೆಳಕು ಬಂದಿದೆ, ಗಂಗಾವೇಶದ ಹಾಲಿನ ಕಟ್ಟೆಯ ಕಡೆಯಿಂದ ಎಮ್ಮೆಗಳ ಕೂಗು, ಚರಿಗೆಗೆ ಹಾಲು ಕರೆಸಿಕೊಂಡು ನಿಂತಲ್ಲೇ ಗಟಗಟ ಕುಡಿಯುವವರ ಗದ್ದಲ, ಒಳಗೆ ಹೆಂಡತಿ ಶಾಲನ ರೊಟ್ಟಿ ತಟ್ಟುತ್ತಿದ್ದಾಳೆ, ಪಟ್ ಪಟ್, ನಡುನಡುವೆ ಬಳೆ, ನಾಲ್ಕು ವರ್ಷ, ನಾಲ್ಕು ವರ್ಷದ ಮೇಲೆ ಕರೆಯದೆ ಬಂದಿದೆ, ಎಪ್ಪಾ ಜ್ಯೋತಿಬಾ, ಇದು ನಂದೇ ಏನು, ಕಣ್ಣು ತುಂಬಿತು, ಗರಡಿಯಲ್ಲಿ ಮೂಳೆ ಮುರಿದಾಗಲೂ ತುಂಬದ ಕಣ್ಣು.

ತಮಾಷೆ ನೋಡು, ಅದು ಹೋದಾಗ ಅವನು ಅತ್ತಿರಲಿಲ್ಲ, ಹಿಗ್ಗಿದ್ದ. ಹನ್ನೆರಡನೇ ವಯಸ್ಸಿಗೆ ಕುಸ್ತಿ ತಾಲೀಮಿನ ಕೆಂಪು ಮಣ್ಣಿಗೆ ಬಿದ್ದವನು, ಲಂಗೋಟಿ ಗಟ್ಟಿ ಇದ್ದವನ ಪಟ್ಟು ಯಾರೂ ಬಿಡಿಸಲಾರರೋ ಅಂತ ದಿನಾ ಕೇಳಿ ಬೆಳೆದವನು, ಮೂವತ್ತಮೂರಕ್ಕೆ ಮದುವೆಯಾದರೂ ಶಾಲನಳ ಪಕ್ಕದಿಂದ ಎದ್ದ ಪ್ರತಿ ಬೆಳಿಗ್ಗೆ ಹನುಮಂತನ ಮುಂದೆ ಕಳ್ಳನಂತೆ ನಿಂತವನು — ಅಂಥವನೊಳಗೆ ಆಸೆ ತಾನಾಗಿ ತಣ್ಣಗಾದಾಗ ಏನೆಂದುಕೊಳ್ಳಬೇಕು? ಗೆದ್ದೆ ಅಂದುಕೊಂಡ. ಮಧ್ಯಾಹ್ನವೆಲ್ಲ ತೂಕಡಿಕೆ, ತೋಳು ಜೋತುಬಿದ್ದವು, ಗಡ್ಡ ವಾರಕ್ಕೊಮ್ಮೆ ಕೆರೆದರೆ ಸಾಕಾಯಿತು, ಅದನ್ನೂ ತಪಸ್ಸಿನ ಲೆಕ್ಕಕ್ಕೇ ಸೇರಿಸಿದ, ಮಣ್ಣಿನ ಅಂಚಿಗೆ ಕೂತು ಹುಡುಗರಿಗೆ ಉಪದೇಶ ಬೇರೆ, ಪಟ್ಟು ಕಲಿಸುವ ವಸ್ತಾದ ಮಾತಾಡಿದರೆ ಯಾರು ಎದುರಾಡುತ್ತಾರೆ, ಮನಸ್ಸು ಗೆದ್ದರ ಮೈ ಕೇಳತೈತ್ರೋ ಅಂದ. ಕತ್ತೆ. ಕತ್ತೆಯಂಥ ಕತ್ತೆ. ಆಮೇಲೆ ಆ ಮಧ್ಯಾಹ್ನ, ಶಾಲನಳ ತಂಗಿಯ ಮಗಳ ಮದುವೆ ಮುಗಿಸಿ ಬಂದದ್ದು, ಊಟದ ಜಡ, ಕೈತುಂಬ ಹೊಸ ಹಸಿರು ಬಳೆ, ಅವಳೇ ನಕ್ಕು ಭುಜದ ಮೇಲೆ ಕೈ ಇಟ್ಟಳು, ಇವನೂ ತಿರುಗಿದ, ತಿರುಗಿದ್ದೇನೋ ನಿಜ, ಮೈ ಮಾತ್ರ ಕೇಳಲಿಲ್ಲ, ಬೆವೆತ, ಮತ್ತೆ ನೋಡಿದ, ಇಲ್ಲ, ಆಗ ಬಾಯಿಂದ ಬಂತಲ್ಲ ಆ ಮಾತು, ಸಾಕ ಮಾಡ, ನನ್ನ ವ್ರತ ಕೆಡಸಬ್ಯಾಡ. ಅವಳ ಕೈ ಎದ್ದದ್ದು ಹಾಗೇ ಗಾಳಿಯಲ್ಲಿ ನಿಂತಿತು, ಬಳೆಯೂ ಸದ್ದು ಮಾಡಲಿಲ್ಲ. ಆ ಕೈ ಮತ್ತೆ ಅವನ ಮೈಮೇಲೆ ಇಳಿಯಲೇ ಇಲ್ಲ.

ಈ ವರ್ಷ ಚೈತ್ರದಲ್ಲಿ ಅವನದೇ ಗರಡಿಯ ಹುಡುಗ, ನಿನ್ನೆ ಮೊನ್ನೆ ಮೀಸೆ ಬಂದವನು, ಆಟಕ್ಕೆಂದು ಕೈ ಹಿಡಿದು ವಸ್ತಾದನನ್ನು ಅಂಗಾತ ಕೆಡವಿದ, ಗರಡಿಯ ಹಿರಿಯರು ರಕ್ತ ತೋರಿಸ್ರಿ ಅಂದರು, ತೋರಿಸಿದ. ಮಗಳ ವಯಸ್ಸಿನ ಡಾಕ್ಟರು, ಸಬನೀಸ ಬಾಯಿ, ಬೆಳಿಗ್ಗೆ ಎಂಟಕ್ಕೇ ಬರಬೇಕೆಂದು ಎರಡೆರಡು ಸಲ ರಕ್ತ ತೆಗೆಸಿದರು, ಆಮೇಲೆ ಕಾಗದ ನೋಡುತ್ತ, ಕಾಕಾ, ಬೆಳಿಗ್ಗೆ ಎದ್ದಾಗ ಹೆಂಗಿರತೈತಿ, ಗಡಸಾಗತೈತೇನು? ಮುಖ ಕೆಂಪಾಯಿತು, ಆದರೂ ಎದೆ ಸೆಟೆಸಿ ಅಂದ, ಇಲ್ಲರಿ ತಾಯಿ, ನಾಕ ವರ್ಷದಿಂದ ಪೂರ್ತಿ ಶಾಂತ, ಗೆದ್ದೀನಿ. ಅವರು ನಗಲಿಲ್ಲ, ಅದೊಂದು ಪುಣ್ಯ. ಗೆದ್ದಿಲ್ಲ ಕಾಕಾ, ಗಂಡಸಿನ ಮೈಯಾಗ ತಯಾರಾಗೋ ರಸ ನಿಮ್ಮೊಳಗ ತಯಾರಾಗವಲ್ದು, ಅದಕ್ಕ ಟೆಸ್ಟೋಸ್ಟೆರಾನ್ ಅಂತಾರ, ಹೊರಗಿಂದ ಕೊಡಬೇಕು. ಹುಡುಗ್ರು ಕದ್ದು ಚುಚ್ಚಿಕೊಳ್ಳೋದು ಅದೇ ಅಲ್ರೀ, ಅದಕ್ಕೇ ಒಬ್ಬನ ಕಪಾಳಕ್ಕ ಬಿಗಿದು ತಾಲೀಮಿನಿಂದ ಹೊರಗ ಹಾಕೀನಿ ನಾನು, ಅಂದ ಹಿಂದುರಾವ. ಅದೇ, ಅಂದರು ಡಾಕ್ಟರು, ಆದರ ಆ ಹುಡುಗ್ರು ತುಂಬಿದ ಕೊಡಕ್ಕ ನೀರ ಹಾಕತಾರ, ನಿಮ್ಮ ಕೊಡ ಖಾಲಿ ಐತಿ. ಮೊದಲ ಆಸೆ ಬರತೈತಿ, ಮೈ ಆಮ್ಯಾಲೆ, ಎಲ್ಲಾರಿಗೂ ಬರತೈತಿ ಅಂತ ಮಾತು ಕೊಡೂದಿಲ್ಲ ನೋಡ್ರಿ, ತಿಂಗಳಿಗೊಮ್ಮೆ ಬಂದು ರಕ್ತ ತೋರಸ್ರಿ. ಒಂದು ಟ್ಯೂಬು, ನೀರಿನಂಥ ಜೆಲ್, ಸ್ನಾನವಾದ ಮೇಲೆ ಭುಜಕ್ಕೆ ಹಚ್ಚಬೇಕು, ಒಣಗಿದ ಮೇಲೆ ಅಂಗಿ ತೊಡಬೇಕು, ತೊಳೆಯುವ ತನಕ ಹೆಂಗಸರು ಮಕ್ಕಳು ಆ ಜಾಗ ಮುಟ್ಟುವಂತಿಲ್ಲ. ವಸ್ತಾದನ ಭುಜ ಮುಟ್ಟುವಂತಿಲ್ಲ ಅಂದರೆ ತಾಲೀಮು ನಡೆದ ಹಾಗೇ! ಮಣ್ಣಿಗಿಳಿದವನು ಮೊದಲು ಎದುರಾಳಿಯ ಭುಜಕ್ಕೇ ಮಣ್ಣು ಹಾಕುವುದು, ಸಂಜೆ ಹುಡುಗರು ಒತ್ತುವುದೂ ಅದನ್ನೇ. ಅಂಗಿ ಬಿಚ್ಚದ ವಸ್ತಾದ, ಮಣ್ಣಿಗಿಳಿಯದ ವಸ್ತಾದ, ಕೆಡವಿದ್ದಕ್ಕ ಸಿಟ್ಟಾಗ್ಯಾರಲೇ ಅಂತ ಗುಸುಗುಸು, ಆಗಲಿ. ಟ್ಯೂಬನ್ನು ಬಾದಾಮಿ ಡಬ್ಬಿಯ ತಳದಲ್ಲಿ ಹೂತಿಟ್ಟ, ಆರನೇ ವಾರ ಒಂದು ದಿನ ಶಾಲನ ಪಕ್ಕದಲ್ಲಿ ಹಾದುಹೋದಾಗ ವಾಸನೆ ಬಂತು, ಒಣಕೊಬ್ಬರಿ ಹುರಿದ ಕೈ, ಕೊರಳ ಬೆವರು, ಇಷ್ಟು ವರ್ಷ ಈ ವಾಸನೆ ಎಲ್ಲಿಗೆ ಹೋಗಿತ್ತು, ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟ. ಇವತ್ತು ಹನ್ನೊಂದನೇ ವಾರ.

ಒಂದು ಚಮಚವೂ ಇಲ್ಲದ ಮದ್ದು. ನಲವತ್ತು ವರ್ಷ ಅವನು ಗುದ್ದಾಡಿದ್ದು ಇದರ ಜೊತೆಗೇ, ವೈರಿ ಅಂತ ತಿಳಿದು, ಅದು ಹೋದ ಮೇಲೆ ಗೊತ್ತಾಯಿತು ತೋಳಿನ ಕಸುವು, ಬೆಳಗಿನ ಹುರುಪು, ಹೆಂಡತಿಯ ವಾಸನೆ ಎಲ್ಲಾ ಅದೇ ಅಂತ, ಎಂಥಾ ವಿಚಿತ್ರ ಮಾಡಿಟ್ಟೆ ಜ್ಯೋತಿಬಾ, ಈ ಮೈಯೊಳಗೆ ಏನೇನು ಇಟ್ಟೆ. ಕೌದಿ ನಿಧಾನ ಇಳಿಯುತ್ತಿದೆ, ಇಳಿಯಲಿ, ದಾರಿ ಗೊತ್ತಾಗಿದೆ, ನಾಳೆಯೂ ಬಂದೀತು. ಆದರೆ ಶಾಲನ? ಮೈ ಎದ್ದರೆ ಆಯಿತೇ, ಆ ಮಾತು ಹಿಂದಕ್ಕೆ ಬರಬೇಕಲ್ಲ, ವ್ರತ ಅಂದ ಬಾಯಿಂದಲೇ ಬರಬೇಕು. ಎದ್ದ, ಬಚ್ಚಲಿಗೆ ಹೋದ, ನಿನ್ನೆಯ ಮದ್ದು ಯಾವಾಗಲೋ ಒಳಗಿಳಿದಿರುತ್ತದೆ, ಆದರೂ ಮೂರು ಸಲ ಸೋಪು ಹಚ್ಚಿ ಭುಜ ತಿಕ್ಕಿದ, ಇವತ್ತಿನದು ಆಮೇಲೆ ಹಚ್ಚಿದರಾಯಿತು, ಅಂಗಿ ಹಾಕದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಅವಳು ತಲೆ ಎತ್ತಿ ಬರಿ ಭುಜ ನೋಡಿದಳು. ಶಾಲನ, ಅದು ವ್ರತ ಅಲ್ಲ, ರೋಗ, ನಾ ಸುಳ್ಳ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಗೊತ್ತೈತ್ರಿ. ಏನ್ ಗೊತ್ತೈತಿ? ಈ ಮನ್ಯಾಗ ಬಾದಾಮಿ ಡಬ್ಬಿ ತುಂಬಾಕಿ ಯಾರು, ನಿಮ್ಮ ಹನಮಪ್ಪನ? ಟ್ಯೂಬ್ ತಗೊಂಡ ಹೋಗಿ ಔಷಧ ಅಂಗಡ್ಯಾಗ ಕೇಳಿದೆ, ಯಾತರ ಮದ್ದು ಅಂತ ಹೇಳಿದ, ಹೆಂಗಸ್ರು ಮುಟ್ಟಬಾರದು ಅಂದ, ಅದಕ್ಕ ಹನ್ನೊಂದ ವಾರದಿಂದ ಉಸಿರ ಬಿಗಿಹಿಡಿದು ದೂರ ಅದೀನಿ, ಮದ್ದಿಗೆ ಅಡ್ಡಿಯಾಗಬಾರದಲ್ಲ.

ಅವಳೂ ವಾರ ಎಣಿಸಿದ್ದಾಳೆ, ಅವನ ಜೊತೆಗೇ, ಒಂದೂ ತಪ್ಪದೆ, ಒಬ್ಬಳೇ, ವ್ರತ ಅಂದರೆ ಅದು, ಇವನದೇನು ಮಣ್ಣು — ಒಲೆ ಸಣ್ಣ ಮಾಡಿ ಎದ್ದಳು, ಸೆರಗಿಗೆ ಕೈ ಒರೆಸಿದರೂ ಹಿಟ್ಟು ಹೋಗಿಲ್ಲ, ಕೈ ಎತ್ತಿದಳು, ಭುಜಕ್ಕೆ ಒಂದು ಗೇಣು ಇರುವಾಗ ನಿಲ್ಲಿಸಿದಳು, ತೊಳದೀರೇನು, ಮುಟ್ಟಲಿ? ಹೂಂ ಅನ್ನಬೇಕು, ಒಂದು ಹೂಂ, ನಾಲ್ಕು ವರ್ಷದ ಹಿಂದೆ ಎಷ್ಟು ಸಲೀಸಾಗಿ ಮಾತಾಡಿದ ಬಾಯಿ, ಈಗ ಒಂದಕ್ಷರಕ್ಕೆ ತಡಕಾಡುತ್ತಿದೆ, ರೊಟ್ಟಿ ಸೀಯುತ್ತಿದೆ, ಅವಳು ಕಾಯುತ್ತಿದ್ದಾಳೆ, ಆ ಕೈ, ಹಿಟ್ಟು ಮೆತ್ತಿದ ಬೆರಳು, ಹಸಿರು ಬಳೆ, ಗಾಳಿಯಲ್ಲಿ ನಿಂತ ಆ ಕೈ, ಆ ಕೈ.